ಹತ್ತಿ ವ್ಯಾಪಾರಿಯ ಗಾಳ

ಬಾಯಿಗೆ ಹಾಕಿಕೊಳ್ಳದ ಚಟ ಯಾರನ್ನೂ ಕೆಡಿಸುವುದಿಲ್ಲ ಅಂತ ನನ್ನ ನಂಬಿಕೆ. ನನ್ನ ಚಟ ಮೀನು ಹಿಡಿಯುವುದು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆ ಎನ್ನುವ ಮಾತನ್ನೂ ಮೆಲ್ಲಗೆ ಆಡುವ ಪದ್ಧತಿ. ಊರು ಆದೋನಿ. ಗುಡ್ಡ ಹತ್ತಿ ನಿಂತರೂ ಹತ್ತಿ ಕಂಡೀತೇ ಹೊರತು ಸಮುದ್ರ ಕಾಣುವುದಿಲ್ಲ. ಇಂಥವನು ಗಾಳ ಹಿಡಿದರೆ ಫಜೀತಿ ಬೆನ್ನು ಬಿಟ್ಟೀತೇ?

ಹೋಳಿ ಮುಗಿದು ಯುಗಾದಿ ಹತ್ತಿರ ಬಂದಾಗ ನಮ್ಮ ವ್ಯಾಪಾರ ತಣ್ಣಗಾಗುತ್ತದೆ. ಆಗ ಗುಂಟೂರಿನ ಮಿಲ್ಲಿನವರನ್ನು ಮಾತಾಡಿಸಿ ಬರುತ್ತೇನೆಂದು ರೈಲು ಹತ್ತುತ್ತೇನೆ. ಮಿಲ್ಲಿನವರಿಗೆ ಅರ್ಧ ದಿನ, ಉಳಿದದ್ದೆಲ್ಲ ಬಾಪಟ್ಲದ ಸಮುದ್ರಕ್ಕೆ. ಇದು ಹೆಂಡತಿಗೆ ಗೊತ್ತಾದರೆ ಲಿಂಗ ಮುಟ್ಟಿಸಿ ಆಣೆ ಹಾಕಿಸುತ್ತಾಳೆ ಎನ್ನುವುದೊಂದೇ ನನ್ನ ಹೆದರಿಕೆ. ಲಿಂಗ ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಮುರಿಯುವಂತಿಲ್ಲ. ಅಲ್ಲಿಗೆ ನನ್ನ ಗಾಳ ಅಟ್ಟ ಸೇರಿದ ಹಾಗೆಯೇ.

ಬಳುಕುವ ಕೋಲು

ಮೊದಲ ಸಲ ಗಾಳದ ಕೋಲು ಮನೆಗೆ ತಂದಾಗ ಹೆಂಡತಿ ಚೀಲ ಬಿಚ್ಚಿ ನೋಡಿದಳು.

"ಇದೇನ್ರಿ?"

"ಒತ್ತಿ ಕಟ್ಟಿದ ಹತ್ತಿ ಬೇಲಿನೊಳಗಿಂದ ನಮೂನಿ ತಗಿಯೋ ಕೋಲು. ಹೊಸದು ಬಂದೈತಿ" ಅಂದೆ. ಸುಳ್ಳು ಹೇಳುವಾಗ ನನ್ನ ದನಿ ನಡುಗುವುದಿಲ್ಲ. ವ್ಯಾಪಾರ ಕಲಿಸಿದ ವಿದ್ಯೆ.

ಎರಡು ದಿನ ಬಿಟ್ಟು ನೋಡಿದರೆ ಆ ಕೋಲಿನ ತುದಿಗೆ ಬಟ್ಟೆ ಕಟ್ಟಿ ಜಂತಿಯ ಜೇಡರ ಜಾಡು ತೆಗೆಯುತ್ತಿದ್ದಾಳೆ. ನನಗೋ ಎದೆಯೇ ಒಡೆಯಿತು. ಆಕೆ ಮಾತ್ರ ಕೋಲನ್ನು ಅತ್ತಿತ್ತ ಬಳುಕಿಸಿ ನೋಡಿ ಅಂದಳು: "ಜಾಡಿಗೇ ಬಗ್ಗತೈತಲ್ರಿ, ಇದು ಬೇಲಿನೊಳಗ ಹೋಗತೈತೇನು? ನಿಮಗ ಮಾರಿದಾವ ನಿಮಗಿಂತ ದೊಡ್ಡ ವ್ಯಾಪಾರಿ ಬಿಡ್ರಿ."

ಮಾತಾಡಿಸಿಕೊಂಡು ಹೋಗುವವರು

ಬಾಪಟ್ಲದ ಕಡೆ ನನಗೆ ಗಟ್ಟಿಯಾಗಿ ಸಿಕ್ಕವನು ಒಬ್ಬ ದೋಣಿಯವ. ಮೊದಲ ದಿನ ನನ್ನ ವಿಭೂತಿ ನೋಡಿದ, ಗಾಳ ನೋಡಿದ, ಮತ್ತೆ ವಿಭೂತಿ ನೋಡಿದ. ಅವನದು ಶುದ್ಧ ತೆಲುಗು, ನನ್ನದು ಆದೋನಿ ತೆಲುಗು.

"ತಿಂಟಾರಾ ಸ್ವಾಮೀ?" ಅಂದ. ತಿನ್ನುವುದಿಲ್ಲ ಅಂದೆ.

"ಅಮ್ಮುತಾರಾ?" ಮಾರುವುದೂ ಇಲ್ಲ ಅಂದೆ. ಮರಿ ಮೀನು, ತತ್ತಿ ತುಂಬಿದ ಮೀನು ವಾಪಸ್ಸು ನೀರಿಗೆ. ಉಳಿದದ್ದು ನಿನ್ನ ಮನೆಗೆ ಎಂದು ವಿವರಿಸಿದೆ. ವಸಂತದಲ್ಲಿ ತತ್ತಿ ಹೊತ್ತ ಮೀನೇ ಹೆಚ್ಚು, ಹಾಗಾಗಿ ವಾಪಸ್ಸು ಹೋಗುವುದೂ ಹೆಚ್ಚು.

ಅವನು ಬಹಳ ಹೊತ್ತು ಹುಟ್ಟು ಹಾಕಿದ. ಕೊನೆಗೆ ಕೇಳಿದ: "ಅಂಟೇ, ಅಂತ ದೂರಂ ನುಂಚಿ ಚೇಪಲ್ನಿ ಪಲಕರಿಂಚಿ ಪೋವಡಾನಿಕೊಚ್ಚಾರಾ?"

ಅಷ್ಟು ದೂರದಿಂದ ಮೀನುಗಳನ್ನು ಮಾತಾಡಿಸಿಕೊಂಡು ಹೋಗಲು ಬಂದಿರಾ ಎಂದು ಅದರ ಅರ್ಥ. ಮಿಲ್ಲಿನವರಿಗಿಂತ ಅವೇ ಚೆನ್ನಾಗಿ ಮಾತಾಡುತ್ತವೆ ಅಂದೆ.

ರೊಟ್ಟಿಯ ಉಂಡೆ

ಗಾಳಕ್ಕೆ ಸಿಕ್ಕಿಸುವ ಸಿಗಡಿಯನ್ನು ನಾನು ಮುಟ್ಟುವುದಿಲ್ಲ, ದೋಣಿಯವನೇ ಸಿಕ್ಕಿಸಿ ಕೊಡುತ್ತಾನೆ. ಒಮ್ಮೆ ನಡುನೀರಿನಲ್ಲಿ ಸಿಗಡಿ ಮುಗಿಯಿತು. ನಾನು ಧೈರ್ಯಗೆಡುವವನಲ್ಲ. ಬುತ್ತಿ ಬಿಚ್ಚಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಕಲಸಿ ಉಂಡೆ ಮಾಡಿದೆ. ನಮ್ಮ ಸೀಮೆಯ ರೊಟ್ಟಿ ಬೇಡವೆನ್ನುವ ಜೀವ ಇದೆಯೇ?

ಮೀನುಗಳು ಬೇಡವೆಂದವು. ದೋಣಿಯವ ಒಂದು ಉಂಡೆಯ ರುಚಿ ನೋಡಿದ, ಆಮೇಲೆ ಇನ್ನೊಂದು. ದಡ ಮುಟ್ಟುವ ಹೊತ್ತಿಗೆ ಬುತ್ತಿ ಖಾಲಿ. ಈಗ ಫೋನು ಮಾಡಿದರೆ ಕ್ಷೇಮ ಕೇಳುವುದಿಲ್ಲ, ರೊಟ್ಟಿ ಕೇಳುತ್ತಾನೆ. ಆ ದಿನ ನನ್ನ ಗಾಳಕ್ಕೆ ಬಿದ್ದವನು ಅವನೊಬ್ಬನೇ.

ಇಷ್ಟುದ್ದ

ಹಿಡಿದದ್ದನ್ನು ಹೇಳಿಕೊಳ್ಳುವಂತಿಲ್ಲ ಎನ್ನುವುದು ಎಂಥ ಸಂಕಟವೆಂದು ಹಿಡಿದವನಿಗೇ ಗೊತ್ತು. ಎಮ್ಮಿಗನೂರಿನ ಒಂದು ಮದುವೆಯಲ್ಲಿ ನನಗೆ ತಡೆಯಲಾಗಲಿಲ್ಲ. ಪಂಕ್ತಿಯಲ್ಲಿ ಪಕ್ಕ ಕುಳಿತ ಗೆಳೆಯನಿಗೆ ಎರಡೂ ಕೈ ಅಗಲಿಸಿ ಉದ್ದ ತೋರಿಸಿದೆ. ಅದು ಹೇಗೆ ಒದ್ದಾಡಿತು, ಹೇಗೆ ನೋಡಿತು, ಎಲ್ಲ ಅಭಿನಯಿಸಿದೆ. ಎದುರಿನ ಹೆಂಗಸರ ಸಾಲಿನಲ್ಲಿ ಹೆಂಡತಿ ಕುಳಿತದ್ದು ಮರೆತೇ ಹೋಗಿತ್ತು.

ದಾರಿಯಲ್ಲಿ ಕೇಳಿದಳು: "ಅಷ್ಟುದ್ದ ಏನ್ ತೋರಿಸಿದ್ರಿ?"

"ಪಡವಲಕಾಯಿ."

"ಹೌದ್ರಿ? ಪಡವಲಕಾಯಿ ಹಂಗ ಕಣ್ಣು ಬಿಟ್ಟು, ಬಾಯಿ ಪಚಪಚ ಮಾಡತೈತೇನ್ರಿ?"

ಎಲ್ಲ ಹೇಳಿಬಿಟ್ಟೆ. ಆಕೆ ಬೈಯಲಿಲ್ಲ. "ಈ ಸಲ ನಾನೂ ಬರ್ತೀನಿ. ಕಣ್ಣಾರೆ ನೋಡಿ, ಅಲ್ಲೇ ಆಣಿ ಹಾಕಿಸ್ತೀನಿ" ಅಂದಳು.

ಆಣೆ

ಹಾಗೆ ಹೆಂಡತಿಯೂ ದೋಣಿ ಹತ್ತಿದಳು. ಸಮುದ್ರಕ್ಕೆ ಹೋಗುವುದೆಂದರೆ ಗಂಗಮ್ಮನಿಗೆ ಉಡಿ ತುಂಬಬೇಡವೇ? ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಬಸದ ಖಣ, ಎಲ್ಲ ಚೀಲದಲ್ಲಿತ್ತು.

ಬದುಕಿನ ಕೊನೆಯ ಗಾಳವೆಂದು ನಾನು ಭಾರವಾದ ಮನಸ್ಸಿನಿಂದ ಎಸೆದೆ. ದೊಡ್ಡದೇ ಬಿತ್ತು. ಮೇಲೆಳೆದರೆ ಅದರ ಹೊಟ್ಟೆ ತತ್ತಿಯಿಂದ ಬಿಗಿದುಕೊಂಡಿದೆ. ದೋಣಿಯವ ಗಾಳ ಬಿಡಿಸಿ ನೀರಿನ ಬಕೀಟಿನಲ್ಲಿ ಬಿಟ್ಟು, "ಗುಡ್ಲತೋ ಉಂದಿ" ಅಂದ.

ಹೆಂಡತಿಗೆ ನನಗಿಂತ ಚೆನ್ನಾಗಿ ತೆಲುಗು ಬರುತ್ತದೆ. ದಿಗ್ಗನೆ ಎದ್ದಳು. ದೋಣಿ ಹೊಯ್ದಾಡಿತು.

"ಅಯ್ಯ ಶಿವನೇ, ತುಂಬಿದ ಬಸುರಿ!"

"ವಾಪಸ್ ಬಿಡ್ತೀನಿ, ಯಾವಾಗ್ಲೂ ಬಿಡ್ತೀನಿ" ಅಂದೆ.

"ಬಸುರಿನ್ನ ಬರಿಗೈಲೆ ಕಳಿಸ್ತಾರೇನ್ರಿ? ಯಾವ ಮನಿತನ ನಿಮ್ದು!"

ಗಂಗಮ್ಮನಿಗೆಂದು ತಂದ ಉಡಿಯೆಲ್ಲ ಮೀನಿನ ಪಾಲಾಯಿತು. ಬಕೀಟಿಗೆ ಕುಂಕುಮ ಹಚ್ಚಿದಳು, ಐದು ಸಲ ಚಿಟಿಕೆ ಅಕ್ಕಿ ಹಾಕಿದಳು, ಖಣ ಹೊದಿಸಿದಳು. ದೋಣಿಯವ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಮುಗಿದು ಕೂತುಬಿಟ್ಟ.

"ಹಿಂಗ ಬಾಯಿಗೆ ಮುಳ್ಳು ಹಾಕಿ ಎಳದೀರಲ್ಲ, ತಪ್ಪಾತು ಅಂತ ಆಕಿ ಕಾಲಿಗೆ ಬೀಳ್ರಿ."

"ಮೀನಿಗೆ ಕಾಲೆಲ್ಲೈತಲೇ?"

"ಬಾಲಕ್ಕ ಬೀಳ್ರಿ!"

ಬಿದ್ದೆ. ಅದು ಬಾಲ ಬೀಸಿ ಮುಖಕ್ಕೆ ನೀರು ರಾಚಿತು. "ಆಶೀರ್ವಾದ ಮಾಡಿದ್ಳು" ಎಂದು ಹೆಂಡತಿ ಬಕೀಟನ್ನು ಮೆಲ್ಲಗೆ ಬಗ್ಗಿಸಿದಳು. "ಹೋಗವ್ವ, ತವರುಮನಿ ಸೇರಿ ಸುಖವಾಗಿ ಹಡಿ." ಮೀನು ಹೋದ ಕಡೆಯೇ ನೋಡುತ್ತಾ ಕಣ್ಣೊರೆಸಿಕೊಂಡಳು.

ನಾನು ಲಿಂಗ ಕೈಗೆ ತೆಗೆದುಕೊಂಡು, "ಹೂಂ, ಏನಂತ ಆಣಿ ಹಾಕಲಿ ಹೇಳು" ಅಂದೆ.

ಆಕೆ ಖಾಲಿ ಬಕೀಟು ಕೆಳಗಿಟ್ಟಳು. "ಇನ್ನ ಮ್ಯಾಲೆ ಬರೀ ಗಂಡು ಮೀನ ಹಿಡೀತೀನಿ ಅಂತ ಹಾಕ್ರಿ."

ನನಗೆ ಹೋದ ಜೀವ ಬಂದಂತಾಯಿತು. ದೋಣಿಯವನಿಗೆ ಮಾತ್ರ ದಿಗಿಲು. ನೀರಿನೊಳಗಿದ್ದಾಗ ಗಂಡು ಯಾವುದು, ಹೆಣ್ಣು ಯಾವುದು ಹೇಗೆ ತಿಳಿಯುವುದಮ್ಮಾ ಎಂದು ತೆಲುಗಿನಲ್ಲಿ ಕೇಳಿದ.

ಹೆಂಡತಿ ಉಳಿದ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ನನ್ನ ಕಡೆ ನೋಡಿ ಅಂದಳು: "ತಿಳಿಯೋದೇನೈತಿ? ಹಿಂದಮುಂದ ನೋಡಲಾರದ ತೂಗಬಿಟ್ಟಿದ್ದಕ್ಕೆಲ್ಲಾ ಬಾಯಿ ಹಾಕತೈತಲ್ಲ, ಅದು ಗಂಡು."