ಗ್ರೀನ್ ಕಾರ್ಡಿಲ್ಲದ ಗಾಲ್ಫ್ ಕೋಚ್

ನಮ್ಮ ಭಾವ ಗಾಲ್ಫ್ ಕೋಚ್ ಆಗಿದ್ದರು ಎಂದರೆ ನೀವು ನಂಬಬೇಕಾಗಿಲ್ಲ. ಅವರು ಆಡುವುದನ್ನು ನೋಡಿದವರಂತೂ ಖಂಡಿತ ನಂಬುವುದಿಲ್ಲ! ಭಾವ ಕೋಲು ಬೀಸಿದರೆ ಹುಲ್ಲು ಹಾರುತ್ತದೆ, ಮಣ್ಣು ಹಾರುತ್ತದೆ, ಒಮ್ಮೆ ಅವರ ಕನ್ನಡಕವೂ ಹಾರಿತ್ತು. ಚೆಂಡು ಮಾತ್ರ ಇದ್ದಲ್ಲೇ ಇರುತ್ತದೆ.

ಅಕ್ಕನ ಗಂಡನಾದ ಇವರು ಸ್ವೀಡನ್ನಿನ ಶೋವ್ಡೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಇಲ್ಲಿ ಮೇಷ್ಟ್ರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಒಂದು "ಸರ್" ಕೇಳದೆ ಭಾವನ ಕಿವಿ ಒಣಗಿಹೋಗಿತ್ತು. ಒಂದು ದಿನ ಫೀಕಾದಲ್ಲಿ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿನಲ್ಲಿ, ವಿದ್ಯಾರ್ಥಿಗಳ ಗಾಲ್ಫ್ ತಂಡಕ್ಕೆ ಕೋಚ್ ಇಲ್ಲವೆಂಬ ಮಾತು ಬಂತು. "ಗಾಲ್ಫ್ ಅಂದ್ರೆ ಏನ್ ಮಹಾ? ಎಸೆದ ವಸ್ತುವಿನ ಚಲನೆ, ಅಷ್ಟೇ!" ಎಂದರು ಭಾವ. ಎಲ್ಲರೂ ಒಟ್ಟಿಗೆ ಇವರ ಕಡೆ ತಿರುಗಿದರು. ಕಾಫಿ ಮುಗಿಯುವಷ್ಟರಲ್ಲಿ ಇವರು ಕೋಚ್!

ಇಲ್ಲಿ ಗಾಲ್ಫ್ ಆಡುವವರು 'ಗ್ರೀನ್ ಕಾರ್ಡ್' ಎಂಬ ಪರೀಕ್ಷೆ ಪಾಸು ಮಾಡಬೇಕು. ಭಾವ ಫೇಲಾದರು. ಅಕ್ಕನಿಗೆ ಅಷ್ಟು ಸಾಕಾಯಿತು.

"ಅಮೆರಿಕದ ಗ್ರೀನ್ ಕಾರ್ಡ್ ಸಿಗ್ಲಿಲ್ಲ ಅಂತ ಇಲ್ಲಿಗೆ ಬಂದ್ರಿ. ಈಗ ಹುಲ್ಲಿನ ಗ್ರೀನ್ ಕಾರ್ಡೂ ಇಲ್ವಾ?"

"ಕೋಚ್ ಆಗೋನಿಗೆ ಆಡೋಕೆ ಬರ್ಬೇಕು ಅಂತ ಏನಿದೆ? ಡೈನೋಸಾರ್ ಪಾಠ ಮಾಡೋನು ಡೈನೋಸಾರೇನೇ?"

ತಂಡದಲ್ಲಿ ಎಲಿನ್ ಎಂಬ ಹುಡುಗಿಯಿದ್ದಳು. ಬೀಸಿದಳೆಂದರೆ ಚೆಂಡು ಹೇಳಿದಂತೆ ಕೇಳುತ್ತಿತ್ತು. ಭಾವ ಬಿಳಿ ಬೋರ್ಡನ್ನೇ ಮೈದಾನಕ್ಕೆ ಹೊತ್ತೊಯ್ದು ಅವಳಿಗೆ ಗಾಳಿಯ ಸಾಂದ್ರತೆ, ಸೊಂಟದ ಕೋನ ಎಲ್ಲ ವಿವರಿಸಿದರು. ಪಾಪದ ಹುಡುಗಿ, ಯೋಚಿಸತೊಡಗಿದಳು! ಅವಳು ಯೋಚಿಸುತ್ತ ನಿಂತರೆ ಕೆರೆಯ ಬಾತುಗಳು ಹೆದರಿಕೆ ಬಿಟ್ಟು ಕಾಲ ಬುಡಕ್ಕೇ ಬರುತ್ತಿದ್ದವು. ತಂಡ ಸೋಲತೊಡಗಿತು. ಸೋಲಿಗೆ ಭಾವನ ಬಳಿ ಕಾರಣಗಳಿಗೇನು ಬರವೇ? ಗಾಳಿ, ತೇವ, ಕೊನೆಗೆ ಭೂಮಿಯ ತಿರುಗಾಟ.

"ಎದುರಿನ ಟೀಮಿಗೂ ಅದೇ ಭೂಮಿ ಅಲ್ವಾ ಭಾವ?"

"ನಿಂಗೆ ಫಿಸಿಕ್ಸ್ ಅರ್ಥ ಆಗಲ್ಲ ಬಿಡು."

ವರ್ಷದ ಕೊನೆಯ ಪಂದ್ಯಕ್ಕೆ ನಾನು ಕೆಲಸ ಮಾಡುವ ಟೋರ್ಸ್‌ಲಾಂಡದಿಂದ ಕಾರು ಓಡಿಸಿಕೊಂಡು ಹೋದೆ. ತಮಾಷೆ ನೋಡುವುದಕ್ಕೆ, ಇನ್ನೇತಕ್ಕೆ! ಆದರೆ ಆಟ ಸಮಸಮವಾಗಿ ಸಾಗಿ, ಗೆಲುವು ಎಲಿನ್‌ಳ ಕೊನೆಯ ಚೆಂಡಿನ ಮೇಲೆ ನಿಂತಿತು. ಗುಂಡಿ ಎಷ್ಟು ಹತ್ತಿರವಿತ್ತೆಂದರೆ ನಾನಾದರೆ ಕಾಲಲ್ಲೇ ತಳ್ಳಿಬಿಡುತ್ತಿದ್ದೆ. ಅವಳು ಯೋಚಿಸಿದಳು. ಮತ್ತೆ ಯೋಚಿಸಿದಳು. ತಪ್ಪಿಸಿದಳು.

ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡುವುದು ಇಲ್ಲಿಯ ಸಭ್ಯತೆ. ಎಲ್ಲರೂ ತಮ್ಮ ಶೂಗಳನ್ನೇ ನೋಡುತ್ತ ನಿಂತರು. ಭಾವ ಮಾತ್ರ ಹುಲ್ಲು ತುಳಿದುಕೊಂಡು ನೇರ ಹೋಗಿ ಅವಳ ತಲೆ ಮೇಲೆ ಕೈಯಿಟ್ಟರು. "ಅತ್ಬಿಡಮ್ಮಾ, ಅತ್ಬಿಡು. ಏನೂ ಆಗಿಲ್ಲ." ಅಚ್ಚ ಕನ್ನಡದಲ್ಲಿ! ಆ ಹುಡುಗಿ ಅವರ ಜಾಕೆಟ್ಟಿಗೆ ಮುಖ ಒತ್ತಿ ಬಿಕ್ಕಿದಳು.

ನನ್ನ ಕಾರಿನಲ್ಲಿ ವಾಪಸು ಬರುವಾಗ ಭಾವ ಕಿಟಕಿಯ ಕಡೆ ತಿರುಗಿ ಹೇಳಿದರು: "ಮೊದ್ಲು ಚೆನ್ನಾಗೇ ಹೊಡೀತಿತ್ತು ಕಣೋ ಆ ಮಗು. ನಾನೇ ಕೆಡಿಸ್ದೆ."

ಮರುವಾರವೇ ಕೋಚ್ ಕೆಲಸ ಬಿಟ್ಟರು. ಆಟ ಬಲ್ಲ ನಿಜವಾದ ಕೋಚ್ ಒಬ್ಬರು ಬಂದರು. ಸ್ವಲ್ಪ ದಿನದ ಮೇಲೆ ಅಕ್ಕನ ಮನೆಗೆ ಊಟಕ್ಕೆ ಹೋದಾಗ, ಹೊಸಬರು ಹೇಗೆ ಎಂದು ಕೇಳಿದೆ.

"ಚೆನ್ನಾಗಿ ಕಲಿಸ್ತಾರಂತೆ. ಎಲಿನ್ ನನ್ ರೂಮಿಗೆ ಬಂದಿದ್ಲು. 'ಹೊಡೆಯೋದು ಅವ್ರು ಕಲಿಸ್ತಾರೆ, ಮ್ಯಾಚಿಗೆ ನೀವು ಸುಮ್ನೆ ಬಂದು ನಿಂತ್ಕೊಳ್ಳಿ' ಅಂದ್ಲು."

ಅಷ್ಟು ಹೇಳಿದವರು, ಎದುರಿಗೆ ಲೋಟ ತುಂಬ ನೀರಿದ್ದರೂ, ನೀರು ತರುತ್ತೇನೆಂದು ಅಡುಗೆಮನೆಗೆ ಎದ್ದುಹೋದರು.