ಹತ್ತಕ್ಕೆ ನಾಲ್ಕೂವರೆ

ನಮ್ಮ ಚಿಕ್ಕಪ್ಪ ಅಮೆರಿಕಕ್ಕೆ ಬಂದದ್ದು ನಮ್ಮನ್ನು ನೋಡಲು ಎಂದುಕೊಂಡಿರಾ? ಪಾಪ, ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಬಂದದ್ದು ಈ ದೇಶದ ಇಂಗ್ಲಿಷ್ ತಿದ್ದಲು! ಮಂಡ್ಯದ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಗ್ರಾಮರ್ ಕಲಿಸಿದವರು. ನಿವೃತ್ತಿಯಾದದ್ದು ಮೇಷ್ಟ್ರು ಮಾತ್ರ, ಕೆಂಪು ಪೆನ್ನಲ್ಲ.

ಬೆಳಗಿನ ಐದಕ್ಕೇ ಎದ್ದು, ರೂಲುದೊಣ್ಣೆಯಿಂದ ಮೇಜು ಕುಟ್ಟುತ್ತ, ಇಲ್ಲದ ಮಕ್ಕಳಿಗೆ ಪಾಠ. "ಮೊದ್ಲು ಸಬ್ಜೆಕ್ಟು! ಆಮೇಲೆ ವರ್ಬು! ಕೊನೇಲಿ ಚುಕ್ಕಿ!" ರೆಡ್‌ವುಡ್ ಸಿಟಿಯ ಆಫೀಸೂ ಫ್ರೀವೇಯೂ ಸೇರಿ ಹಿಂಡಿಹಾಕಿದ ನನಗೆ ಬೇಕಾಗಿದ್ದುದು ನಿದ್ದೆ. ಹೇಳುವ ಧೈರ್ಯ ಯಾರಿಗಿದೆ?

ಆ ಧೈರ್ಯ ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಚೀನೀ ಅಜ್ಜಿಗಿತ್ತು. ಬಾಗಿಲಿಗೆ ಇಂಗ್ಲಿಷ್ ಚೀಟಿ ಅಂಟಿಸಿದ್ದರು: ದಿನಾ ಸದ್ದು, ದಯವಿಟ್ಟು ನಿಲ್ಲಿಸಿ. ಇನ್ನೊಂದು ದೂರು ಬಂದರೆ ಮನೆ ಖಾಲಿ ಮಾಡಿ ಎಂದು ಅಪಾರ್ಟ್‌ಮೆಂಟಿನ ಮ್ಯಾನೇಜರು ಆಗಲೇ ಎಚ್ಚರಿಸಿದ್ದರು. ಸಂಜೆ ಕ್ಷಮೆ ಕೇಳೋಣವೆಂದು ಹಣ್ಣು ತಂದೆ.

"ಚೀಟಿ ಎಲ್ಲಿ ಚಿಕ್ಕಪ್ಪ?"

"ತಿದ್ದಿ ವಾಪಸ್ ಕೊಟ್ಟೆ ಕಣಪ್ಪ. ಹತ್ತಕ್ಕೆ ನಾಲ್ಕೂವರೆ."

"ದೂರಿಗೆ ಮಾರ್ಕ್ಸಾ!"

"ಮೂರೇ ಹಾಕ್ಬೇಕಿತ್ತು. ಅಕ್ಷರ ದುಂಡಗಿತ್ತು ಅಂತ ಬಿಟ್ಟೆ."

ನಾನು ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದೆ. ಮರುದಿನ ಇನ್ನೊಂದು ಚೀಟಿ: ಅದೇ ದೂರು, ತಿದ್ದಿದ ವಾಕ್ಯಗಳಲ್ಲಿ! ಚಿಕ್ಕಪ್ಪ ಏಳು ಕೊಟ್ಟರು. ಮೂರನೆಯದಕ್ಕೆ ಎಂಟು, ಜೊತೆಗೆ 'ಪ್ರಗತಿ ತೃಪ್ತಿಕರ' ಎಂಬ ಷರಾ, ಇಂಗ್ಲಿಷಿನಲ್ಲೇ.

"ಹೀಗೇ ಆದ್ರೆ ಅವರು ಮ್ಯಾನೇಜರಿಗೇ ಚೆನ್ನಾಗಿ ಬರೀತಾರೆ!"

"ಮತ್ತೆ? ಅದಕ್ಕೇ ಅಲ್ವೇನೋ ಕಲಿಸೋದು!"

ಇಂಥವರ ಹತ್ತಿರ ಏನು ವಾದಿಸುವುದು ಹೇಳಿ?

ಆಮೇಲೆ ಚಿಕ್ಕಪ್ಪನಿಗೆ ಜ್ವರ ಬಂತು. ರೂಲುದೊಣ್ಣೆ ಮೂಲೆ ಸೇರಿತು. ಮನೆಯೆಲ್ಲ ನಿಶ್ಶಬ್ದ, ಆದರೂ ಹಾಳು ಐದಕ್ಕೇ ನನಗೆ ಎಚ್ಚರ! ನಾಲ್ಕನೆಯ ದಿನ ಬಾಗಿಲಲ್ಲಿ ಮತ್ತೆ ಚೀಟಿ. ಮುಗಿಯಿತು ಕಥೆ ಎಂದುಕೊಂಡೇ ಬಿಡಿಸಿದೆ. 'ಮೂರು ದಿನದಿಂದ ಮೇಷ್ಟ್ರ ಸದ್ದಿಲ್ಲ. ಹುಷಾರಾಗಿದ್ದಾರಾ? ನಾನು ಐದಕ್ಕೆ ಎದ್ದು ಕೂತಿರುತ್ತೇನೆ.' ಅವಸರದ ಬರಹ, ಸಾಲಿಗೆರಡು ತಪ್ಪು.

ಚೀಟಿಯನ್ನೂ ಕೆಂಪು ಪೆನ್ನನ್ನೂ ಹಾಸಿಗೆಗೇ ಒಯ್ದು ಕೊಟ್ಟೆ. ಚಿಕ್ಕಪ್ಪ ಎರಡು ಸಲ ಓದಿದರು. ಎಲ್ಲೂ ಗೀಟು ಹಾಕದೆ, ಕೆಳಗೆ ಬರೆದರು: ಹತ್ತಕ್ಕೆ ಹತ್ತು.

"ತಪ್ಪಿದೆಯಲ್ಲ ಚಿಕ್ಕಪ್ಪ?"

"ಎಲ್ಲಪ್ಪಾ? ನಂಗೇನೂ ಕಾಣ್ತಿಲ್ಲ," ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ಮೂಲೆಯಲ್ಲಿದ್ದ ರೂಲುದೊಣ್ಣೆಯನ್ನು ತಂದು ಮೇಜಿನ ಮೇಲಿಟ್ಟೆ.