ಬಿಲ್ಲಣ್ಣನ ಬಲಗಾಲು

ವ್ಯಾನ್ ಡ್ರೈವರ್‌ಗೆ ಹೊಸ ಬೂಟು ಕಚ್ಚದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕನ್ನಡಿ ಅಂಗಡಿಯ ವಾರ್ಷಿಕೋತ್ಸವದ ನೃತ್ಯಕ್ಕೆಂದು ಫಳಫಳ ಹೊಳೆಯುವ ಬೂಟು ಕೊಂಡು, ಬೆಳಗಿನ ಅಭ್ಯಾಸದಲ್ಲಿ ಅದನ್ನೇ ಹಾಕಿಕೊಂಡು ಕುಣಿದು, ಹಿಮ್ಮಡಿಯ ತುಂಬ ಬೊಬ್ಬೆ ಎಬ್ಬಿಸಿಕೊಂಡು ಆತ ಗೋಣಿಚೀಲದ ಮೇಲೆ ಕುಳಿತುಬಿಟ್ಟ. ಕಾರ್ಯಕ್ರಮ ಅದೇ ಮಧ್ಯಾಹ್ನ. ಮುಂದಿನ ಸಾಲಿನ ನಡುಮಧ್ಯದ ಜಾಗ ಆತನದು. ಅದು ಖಾಲಿಯಾದರೆ ಇಡೀ ಸಾಲು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು.

"ಹಾಡೂ ಗೊತ್ತಿರ್ಬೇಕು, ಸ್ಟೆಪ್ಪೂ ಗೊತ್ತಿರ್ಬೇಕು. ಯಾರಿದ್ದೀರಪ್ಪಾ?" ಎಂದು ಡ್ಯಾನ್ಸ್ ಮಾಸ್ತರು ಸುತ್ತಲೂ ನೋಡಿದರು.

ಬಿಲ್ ಬರೆಯುವ ಮೇಜಿನ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಏಳುವಾಗ ಪೆನ್ನಿನ ಡಬ್ಬವನ್ನೂ ಎಬ್ಬಿಸಿಕೊಂಡೇ ಎದ್ದಿತು.

ಅದು ಬಿಲ್ಲಣ್ಣನ ಕೈ. ಬಿಲ್ ಬರೆಯುವವನಾದ್ದರಿಂದ ಅಂಗಡಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಅವನ ಮೇಜಿನ ಸುತ್ತ ಯಜಮಾನರು ಮರದ ಕಟಕಟೆ ಕಟ್ಟಿಸಿದ್ದರು. ಗಿರಾಕಿಗಳು ನುಗ್ಗಬಾರದೆಂದಲ್ಲ, ಬಿಲ್ಲಣ್ಣ ಹೊರಗೆ ಬರಬಾರದೆಂದು. ಅವನ ಮೆದುಳು ಹೇಳಿದ್ದು ಕೈಕಾಲಿಗೆ ಕೊಂಚ ತಡವಾಗಿ ತಲುಪುತ್ತದೆ, ದಾರಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ಚಿಕ್ಕಂದಿನಲ್ಲೇ ಡಾಕ್ಟರು ಹೇಳಿದ್ದರು. ಕನ್ನಡಿ ಹೊರುವಾಗ ಜನ ದಾರಿ ಬಿಡಲೆಂದು ಆ ಅಂಗಡಿಯಲ್ಲಿ "ಗಾಜು ಬಂತು" ಎಂದು ಕೂಗುವ ರೂಢಿ. ಬಿಲ್ಲಣ್ಣ ನೀರು ಕುಡಿಯಲು ಎದ್ದರೂ ಹಾಗೆಯೇ ಕೂಗುತ್ತಿದ್ದರು. ಅವನಿಗೇನೂ ಬೇಸರವಿರಲಿಲ್ಲ. ಎಲ್ಲರೂ ದಾರಿ ಬಿಡುತ್ತಾರಲ್ಲ, ಮಂತ್ರಿಗಳಿಗೂ ಅಷ್ಟೇ ತಾನೇ ಮರ್ಯಾದೆ ಎನ್ನುತ್ತಿದ್ದ.

ಆದರೆ ಹಾಡು ಕೇಳಿದರೆ ಸಾಕು, ಅವನ ಮೈಯೆಲ್ಲ ಕುಣಿಯಲು ಕಾತರಿಸುತ್ತಿತ್ತು. ಶಾಲೆಯ ನಾಟಕದಲ್ಲಿ ಕುಣಿಯುತ್ತೇನೆ ಎಂದವನನ್ನು ಮರದ ಪಾತ್ರ ಕೊಟ್ಟು ನಿಲ್ಲಿಸಿದ್ದರು. ಸ್ವಂತ ಮದುವೆಯಲ್ಲಿ ಕುಣಿಯಲು ಹೋಗಿ ಮಾವನವರ ಕನ್ನಡಕ ಹಾರಿಸಿದ್ದ. ಈ ಸಲ ಅಂಗಡಿಯಲ್ಲಿ ನೃತ್ಯದ ಅಭ್ಯಾಸ ಶುರುವಾದಂದಿನಿಂದ ಕಟಕಟೆಯೊಳಗಿನಿಂದಲೇ ಕಣ್ಣು ಕೀಳದೆ ನೋಡಿ, ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲಿ ಬರೆದುಕೊಂಡು, ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಕುಣಿಯುತ್ತಿದ್ದ. ಅವಳು ಒಡೆಯುವ ಸಾಮಾನನ್ನೆಲ್ಲ ಮಂಚದ ಕೆಳಗೆ ತಳ್ಳಿ, ಎದುರಿಗೆ ನಿಂತು, "ಬಲಕ್ಕೆ ರೀ, ಬಲಕ್ಕೆ. ನೀವು ಊಟ ಮಾಡೋ ಕಡೆಗೆ" ಎನ್ನುತ್ತಿದ್ದಳು. ಹೀಗೆ ಹೇಳಿಕೊಟ್ಟು ಹೇಳಿಕೊಟ್ಟು ಇಡೀ ನೃತ್ಯ ಅವಳಿಗೇ ಬಾಯಿಪಾಠವಾಗಿತ್ತು.

"ಒಂದೇ ಒಂದು ಸಲ, ಶುರುವಿಂದ ಕೊನೇತನಕ ತಪ್ಪಿಲ್ಲದೆ ಕುಣೀಬೇಕು ಕಣೇ. ಅಷ್ಟೇ ನನ್ನಾಸೆ" ಎಂದು ಅವನು ಅವಳಲ್ಲಿ ಹೇಳಿಕೊಂಡಿದ್ದ.

ಈಗ ಮಾಸ್ತರು ಯಜಮಾನರ ಮುಖ ನೋಡಿದರು. ಯಜಮಾನರು ಸುತ್ತಲಿನ ಕನ್ನಡಿಗಳನ್ನು ನೋಡಿದರು. "ಗಾಜನ್ನೆಲ್ಲ ಗೋಡೆಗೆ ಸರಿಸಿ, ಕಂಬಳಿ ಹೊದಿಸಿ. ಆಮೇಲೆ ಕುಣೀಲಿ" ಎಂದು ಅಪ್ಪಣೆಯಾಯಿತು.

ಅಲ್ಲಿಂದ ಉಪದೇಶದ ಸುರಿಮಳೆ ಶುರು. ಗಾಜು ಕತ್ತರಿಸುವ ಕಟ್ಟರ್ ಮಾಮ ಹತ್ತಿರ ಬಂದು, "ಏನೂ ಯೋಚ್ನೆ ಮಾಡ್ಬೇಡ. ನನ್ನ ಕಾಲನ್ನೇ ನೋಡ್ತಾ ಕುಣಿ" ಎಂದ.

ಯಜಮಾನರ ಭಾವಮೈದುನ ಬಂದು, "ಕಾಲು ಮಾತ್ರ ನೋಡ್ಬೇಡಿ ಬಿಲ್ಲಣ್ಣ. ಕಾಲು ನೋಡಿದ್ರೆ ಕೆಟ್ರಿ. ಜನರನ್ನ ನೋಡಿ, ನಗ್ತಾ ಇರಿ" ಎಂದ.

ಪ್ಯಾಕಿಂಗ್ ಅಕ್ಕನದು ಬಾಯಿ ಉಪದೇಶವಲ್ಲ, ಕೈಕೆಲಸ. ಯಾವುದು ಬಲ ಎಂದು ಮರೆಯದಿರಲೆಂದು ಅವನ ಬಲಗೈಗೆ ಕೆಂಪು ಟೇಪು ಸುತ್ತಿದಳು. ಅವಳು ಅತ್ತ ಹೋದ ಮೇಲೆ ಅದೇ ಉಪಾಯ ಹೊಳೆದ ಭಾವಮೈದುನ ಇತ್ತ ಬಂದು, ಎದುರಿಗೆ ನಿಂತು ತನ್ನ ಬಲಕ್ಕೆ ಸರಿಯಾಗಿ ಬಂದ ಕೈಗೆ ಇನ್ನೊಂದು ಕೆಂಪು ಟೇಪು ಸುತ್ತಿದ. ಈಗ ಬಿಲ್ಲಣ್ಣನಿಗೆ ಎರಡೂ ಕೈ ಬಲಗೈ.

ಮಧ್ಯಾಹ್ನ ಗಿರಾಕಿಗಳು, ಕೆಲಸಗಾರರ ಮನೆಯವರು ಎಲ್ಲ ಬಂದು ತುಂಬಿದರು. ಮುಖ್ಯ ಅತಿಥಿಯಾಗಿ ಬರಬೇಕಿದ್ದವರು ದೊಡ್ಡಮ್ಮ, ಅಂದರೆ ಯಜಮಾನರ ತಾಯಿ, ಈ ಅಂಗಡಿಯನ್ನು ಕಟ್ಟಿದಾಕೆ. ಅವರ ಕಾರು ದಾರಿಯಲ್ಲಿ ಕೆಟ್ಟಿತ್ತು. ಕಾದು ಕಾದು ಸಾಕಾಗಿ ಹಾಡು ಹಾಕಿಯೇಬಿಟ್ಟರು.

ಬಿಲ್ಲಣ್ಣ ಮಾಮನ ಕಾಲು ನೋಡಿದ, ಜನರನ್ನು ನೋಡಿದ, ನಕ್ಕ, ಟೇಪು ನೋಡಿಕೊಂಡ. ಇಷ್ಟು ಮಾಡುವಷ್ಟರಲ್ಲಿ ಪಲ್ಲವಿ ಮುಗಿಯುತ್ತ ಬಂದಿತ್ತು. ಅಲ್ಲಿ ಎಲ್ಲರೂ ಬಲಕ್ಕೆ ಸರಿದು, ಒಂದು ಸುತ್ತು ತಿರುಗಿ, ಕೈ ಮೇಲೆತ್ತಬೇಕು. ಎಲ್ಲರೂ ಬಲಕ್ಕೆ ಸರಿದರು. ಬಿಲ್ಲಣ್ಣ ಎಡಕ್ಕೆ ಸರಿದು, ಎದುರಾದ ಕಟ್ಟರ್ ಮಾಮನ ಹೊಟ್ಟೆಗೆ ಡಿಕ್ಕಿ ಹೊಡೆದು, ಬುಗುರಿಯಂತೆ ತಿರುಗಿ, ದೊಪ್ಪನೆ ಕುಳಿತ. ಕುಳಿತ ರಭಸಕ್ಕೆ ಒಂದು ಕಾಲು ಆಕಾಶಕ್ಕೆ ಹಾರಿತು. ಏಳಲು ಹೋಗಿ ಎರಡೂ ತೋಳು ಗಿರಗಿರನೆ ಬೀಸಿದ. ಹೇಗೋ ಎದ್ದು, ಪಲ್ಲವಿಯ ಕೊನೆಯ ಡೋಲಿನ ಪೆಟ್ಟಿಗೆ ಸರಿಯಾಗಿ ನಿಂತ.

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಸಿಳ್ಳೆಗಳೂ ಬಿದ್ದವು. ಬಿಲ್ಲಣ್ಣನ ಹೆಂಡತಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು.

ಹಾಡು ಮುಗಿದಾಗ ಬಿಲ್ಲಣ್ಣನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಮಾಸ್ತರು ಮುಖ ಕೆಂಪಗೆ ಮಾಡಿಕೊಂಡು ಅವನತ್ತ ಧಾವಿಸುತ್ತಿದ್ದರು. ಅಷ್ಟರಲ್ಲಿ ಯಜಮಾನರು ಅಡ್ಡ ಬಂದು ಮಾಸ್ತರ ಕೈ ಹಿಡಿದು ಕುಲುಕಿದರು. "ಆ ಬಿದ್ದು ಏಳೋ ಸ್ಟೆಪ್ ಯಾರ ಐಡಿಯಾ ಮಾಸ್ತರೇ?"

ಮಾಸ್ತರು ಸಿಟ್ಟನ್ನು ಅಲ್ಲೇ ಬಿಟ್ಟು ಹಲ್ಲು ಕಿರಿದರು. "ನಂದೇ ಸಾರ್."

"ಭೇಷ್. ಅಮ್ಮ ಇನ್ನೇನು ಬರ್ತಾರೆ. ಅವರ ಮುಂದೆ ಇನ್ನೊಂದು ಸಲ ಆಗ್ಲಿ. ಒಬ್ಬ ಬಿದ್ರೇ ಇಷ್ಟು ಚೆಂದ, ಎಲ್ಲರೂ ಒಟ್ಟಿಗೆ ಬಿದ್ರೆ ಹೇಗಿರತ್ತೆ? ಯಾರು ಚೆನ್ನಾಗಿ ಬೀಳ್ತಾರೋ ಅವರಿಗೆ ಆ ನಿಲುವುಗನ್ನಡಿ ಬಹುಮಾನ."

ಗೋದಾಮಿನಲ್ಲಿ ತುರ್ತು ತರಗತಿ ನಡೆಯಿತು. "ಬಿಲ್ಲಣ್ಣ, ಒಂದ್ಸಲ ಮಾಡಿ ತೋರಿಸಿ" ಎಂದರು ಮಾಸ್ತರು. ಬಿಲ್ಲಣ್ಣ ಸರಿದ, ತಿರುಗಿದ, ಬೀಳಲು ನೋಡಿದ. ಬೀಳಬೇಕೆಂದಾಗ ಅವನ ಮೈ ಬೀಳಲಿಲ್ಲ. ಮತ್ತೆ ಪ್ರಯತ್ನಿಸಿದಾಗ ಬಿದ್ದ, ಆದರೆ ಕಾಲು ಹಾರಲಿಲ್ಲ. ಆಮೇಲೆ ಕಾಲು ಹಾರಿತು, ಚಪ್ಪಲಿಯೂ ಹಾರಿತು.

ಕಟ್ಟರ್ ಮಾಮ ಮುಂದೆ ಬಂದ. "ಸರಿ ಮಾಸ್ತರೇ, ನಾನು ನೋಡಿದ್ದೀನಿ. ನನ್ನ ಹೊಟ್ಟೆಗೇ ಅಲ್ವಾ ಗುದ್ದಿದ್ದು." ಹಾಗೆಂದವನು ಎಡಕ್ಕೆ ಸರಿದು, ತಿರುಗಿ, ದೊಪ್ಪನೆ ಕುಳಿತು, ಕಾಲು ಹಾರಿಸಿ, ತೋಳು ಬೀಸಿ ಎದ್ದು ನಿಂತ. ಬಿಲ್ಲಣ್ಣನಿಗಿಂತ ಚೆನ್ನಾಗಿಯೇ ಬಿದ್ದಿದ್ದ. ಸ್ವಲ್ಪ ಹೊತ್ತಿನಲ್ಲಿ ಎಲ್ಲರಿಗೂ ಬೀಳುವುದು ಬಂದಿತು. ಮುಂದಿನ ಸಾಲಿನ ನಡುಮಧ್ಯಕ್ಕೆ ಮಾಮ ಹೋದ. ಬಿಲ್ಲಣ್ಣನಿಗೆ ಹಿಂದಿನ ಸಾಲಿನ ಕೊನೆಯ ಮೂಲೆ ಸಿಕ್ಕಿತು.

"ನಿಮ್ಮ ಸ್ಟೆಪ್ಪು, ನಿಮಗೇ ಬರಲ್ವಲ್ಲ ಬಿಲ್ಲಣ್ಣ" ಎಂದು ಪ್ಯಾಕಿಂಗ್ ಅಕ್ಕ ಅನುಕಂಪದಿಂದ ಎರಡೂ ಕೈಯ ಟೇಪು ಕಿತ್ತಳು. ಟೇಪಿನ ಜೊತೆ ಒಂದಿಷ್ಟು ಕೂದಲೂ ಬಂದವು.

ದೊಡ್ಡಮ್ಮ ಬಂದು ಕುರ್ಚಿಯಲ್ಲಿ ಕುಳಿತರು. ಮತ್ತೆ ಹಾಡು ಶುರುವಾಯಿತು.

ಮೂಲೆಯಲ್ಲಿ ಬಿಲ್ಲಣ್ಣನನ್ನು ಕೇಳುವವರಿರಲಿಲ್ಲ. ಉಪದೇಶವಿಲ್ಲ, ಟೇಪಿಲ್ಲ, ನೋಡಲು ಯಾರ ಕಾಲೂ ಇಲ್ಲ. ಹಾಡು ಕಿವಿಗೆ ಬಿದ್ದದ್ದೇ ಅವನು ಕಣ್ಣು ಮುಚ್ಚಿದ. ತನ್ನ ಮನೆಯ ನಡುಕೋಣೆ ಕಂಡಿತು, ಮಂಚದ ಕೆಳಗಿನ ಪಾತ್ರೆಗಳು ಕಂಡವು, "ಊಟ ಮಾಡೋ ಕಡೆಗೆ ರೀ" ಎಂಬ ದನಿ ಕೇಳಿತು. ಕೈ ಎದ್ದಿತು, ಕಾಲು ನಡೆಯಿತು. ಪಲ್ಲವಿ ಮುಗಿಯಿತು. ಅವನ ಬಲಗಾಲು ಬಲಕ್ಕೇ ಸರಿಯಿತು. ಒಂದು ಸುತ್ತು ತಿರುಗಿ, ತಾಳಕ್ಕೆ ಸರಿಯಾಗಿ ಎರಡೂ ಕೈ ಮೇಲೆತ್ತಿ ಹೂವಿನ ಹಾಗೆ ಬಿಡಿಸಿದ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ.

ಕಣ್ಣು ತೆರೆದು ನೋಡಿದರೆ ಇಡೀ ತಂಡ ಎಡಗಡೆ ನೆಲದ ಮೇಲೆ ಕುಳಿತು ಆಕಾಶಕ್ಕೆ ಒದೆಯುತ್ತಿದೆ. ನಿಂತವನು ಅವನೊಬ್ಬನೇ. ಬೀಳಬೇಕಿತ್ತಲ್ಲವೇ ಎಂದು ನೆನಪಾಯಿತು. ಆದರೆ ಕಾಲುಗಳು ಆಗಲೇ ಮುಂದಿನ ಹೆಜ್ಜೆಗೆ ಹೊರಟಿದ್ದವು, ಅದೂ ಸರಿಯಾದ ಹೆಜ್ಜೆಗೆ. ಜೀವಮಾನದಲ್ಲಿ ಮೊದಲ ಸಲ ತನ್ನ ಮಾತು ಕೇಳುತ್ತಿರುವ ಕಾಲುಗಳನ್ನು ತಡೆಯಲು ಅವನಿಗೆ ಮನಸ್ಸಾಗಲಿಲ್ಲ. ಕೊನೆಯ ತನಕ ಹಾಗೆಯೇ ಕುಣಿದ.

ಚಪ್ಪಾಳೆ ನಿಂತ ಮೇಲೆ ದೊಡ್ಡಮ್ಮ ಮೈಕು ಹಿಡಿದರು. "ಎಲ್ರೂ ಬಹಳ ಚೆನ್ನಾಗಿ ಮಾಡಿದ್ರಪ್ಪಾ. ಎಷ್ಟು ಅಭ್ಯಾಸ ಮಾಡಿದೀರೋ ಪಾಪ. ಹಿಂದೆ ಮೂಲೇಲಿದ್ದೋನೊಬ್ಬ ಮಾತ್ರ ಪೂರ್ತಿ ತಪ್ಪು. ಮುಂದಿನ ವರ್ಷ ಅವನಿಗೆ ಪರದೆ ಎಳೆಯೋ ಕೆಲಸ ಕೊಡಿ."

ಜನ ನಕ್ಕರು. ಯಜಮಾನರು ತಲೆಯಾಡಿಸಿದರು. ನಿಲುವುಗನ್ನಡಿ ಕಟ್ಟರ್ ಮಾಮನ ಪಾಲಾಯಿತು. ಬಹುಮಾನವಾದರೂ ಅಂಗಡಿಯಿಂದ ಮಾಲು ಹೊರಗೆ ಹೋಗಲು ಬಿಲ್ ಬೇಕೇ ಬೇಕು. ಬಿಲ್ಲಣ್ಣ ಕಟಕಟೆಯೊಳಗೆ ಹೋಗಿ ಕುಳಿತು ತನ್ನ ಸೊಟ್ಟ ಅಕ್ಷರದಲ್ಲಿ ಅದನ್ನೂ ಬರೆದುಕೊಟ್ಟ.

ಹೆಂಡತಿ ಬಂದು ಕಟಕಟೆಗೆ ಒರಗಿ ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ಒಂದೂ ತಪ್ಪಲಿಲ್ಲ ಕಣ್ರೀ. ನಾನು ಹೆಜ್ಜೆ ಹೆಜ್ಜೇನೂ ನೋಡ್ದೆ. ಒಂದೇ ಒಂದೂ ತಪ್ಪಲಿಲ್ಲ."

"ನಿಂಗೆ ಗೊತ್ತಾಯ್ತಲ್ಲ, ಸಾಕು. ಆ ಬೀಳೋದಿದ್ಯಲ್ಲ, ಅದೂ ನಂದೇ. ಅಂಗಡಿಗೆ ಅಂಗಡೀನೇ ನನ್ನ ಡ್ಯಾನ್ಸು ಕುಣೀತು ಕಣೇ. ಸರಿಯಾಗಿರೋದನ್ನ ನಾನೊಬ್ನೇ ಕುಣಿದೆ."

ಅವಳು ನಕ್ಕು ಕಣ್ಣೊರೆಸಿಕೊಂಡಳು. ಅವನು ಎದೆಯುಬ್ಬಿಸಿ ಕಟಕಟೆಯ ಬಾಗಿಲು ತೆರೆದು, ಹೊಸ್ತಿಲು ಎಡವಿ, ಸಾವರಿಸಿಕೊಂಡು ಹೊರಗೆ ಬಂದ. ಕಂಬಳಿ ತೆಗೆದ ಕನ್ನಡಿಗಳು ಎರಡೂ ಕಡೆ ಸಾಲಾಗಿ ನಿಂತಿದ್ದವು. ಪ್ಯಾಕಿಂಗ್ ಅಕ್ಕ ಎಂದಿನಂತೆ ಕೂಗಲು ಬಾಯಿ ತೆರೆದಳು. ಬಿಲ್ಲಣ್ಣ ಅವಳಿಗೆ ಆ ಕಷ್ಟ ಕೊಡಲಿಲ್ಲ.

"ಗಾಜು ಬಂತು, ದಾರಿ ಬಿಡಿ" ಎಂದು ತಾನೇ ಗಟ್ಟಿಯಾಗಿ ಕೂಗಿಕೊಂಡು, ಹೆಂಡತಿಯ ಕೈ ಹಿಡಿದು ಮನೆಗೆ ಹೊರಟ.